ಕೂಡಿಟ್ಟ ಅಕ್ಕಿ, ಬಚ್ಚಿಟ್ಟ ಅಕ್ಕಿ

(ವಿರಾಜಪೇಟೆಯಲ್ಲಿ ವರ್ತಕರ ಮತ್ತು ಬೆಳೆಗಾರರ ಸಭೆಯ ಮುಂದೆ ಮಾಡಿದ ಭಾಷಣದ ಪಾಠ)



ಮಳೆಗಾಲವು ಹೊಸ್ತಿಲಿಗೆ ಬಂದು ನಿಂತಿರುವಾಗ ಈ ಸಭೆಯು ಸೇರಿರುವುದು ಸಕಾಲಿಕವಾಗಿದೆ. ಅಭಾವದ ಕಾಲದಲ್ಲಿ ಸರಕನ್ನು ತಡೆಹಿಡಿಯುವುದೂ ಬೆಲೆಯನ್ನು ಮನಬಂದಂತೆ ಏರಿಸುವುದೂ ಧರ್ಮವೆ, ಅಧರ್ಮವೆ ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸಭೆ ಕರೆದವರು ಅಪ್ಪಣೆ ಮಾಡಿದ್ದಾರೆ. ಅಧರ್ಮವೆಂದು ಒಂದೇ ಮಾತಿನಲ್ಲಿ ಹೇಳಿ ನಾವು ಕುಳಿತುಬಿಟ್ಟರೆ ನೀವೆಲ್ಲರೂ ಕರತಾಡನ ಮಾಡುವಿರಿ. ವರ್ತಕ ಬಂಧುಗಳು ಮಿಕ್ಕವರಿಗಿಂತ ಗಟ್ಟಿಯಾಗಿಯೇ ಮಾಡುವರು. ಆದರೆ ಅದರಿಂದ ಯಾವ ಗೋದಾಮಿನಿಂದಲೂ ಒಂದು ಸೇರು ಅಕ್ಕಿ ಹೊರಬರಲಾರದು. ಆದುದರಿಂದ ಸ್ವಲ್ಪ ಬಿಡಿಸಿ ವಿಚಾರಮಾಡೋಣ. ನಡುವೆ ಯಾರಿಗಾದರೂ ಮಾತು ಚುಚ್ಚಿದರೆ ಮೊದಲೇ ಕ್ಷಮೆ ಬೇಡುತ್ತೇವೆ. ಆ ಮಾತು ನಮ್ಮನ್ನು ಚುಚ್ಚಿಯೇ ನಿಮ್ಮ ಬಳಿಗೆ ಬರುತ್ತಿದೆ.

ಮೊದಲನೆಯದಾಗಿ ಒಂದು ಭ್ರಮೆಯನ್ನು ಕಳೆಯಬೇಕು. ಕೂಡಿಡುವುದು ಪಾಪವಲ್ಲ. ಕೊಡಗಿನವರಿಗೆ ಇದನ್ನು ಹೊರಗಿನವರು ಬಂದು ತಿಳಿಸಬೇಕಾದುದಿಲ್ಲ. ಕಕ್ಕಡದ ಮಳೆ ಹಿಡಿದರೆ ಹೊಳೆಯೂ ಗದ್ದೆಯೂ ಒಂದಾಗಿ, ಮನೆಯಿಂದ ನೆರೆಮನೆಗೆ ಹೋಗುವುದೇ ದುಸ್ತರವಾಗುವ ಸೀಮೆಯಿದು. ಪತ್ತಾಯದಲ್ಲಿ ಭತ್ತ, ಕೊಟ್ಟಿಗೆಯ ಬದಿಯಲ್ಲಿ ಸೌದೆ, ಭರಣಿಯಲ್ಲಿ ಉಪ್ಪಿನಕಾಯಿ ಇಲ್ಲದೆ ಮಳೆಯನ್ನು ಎದುರುಗೊಳ್ಳುವ ಮನೆಯನ್ನು ನಮ್ಮ ಹಿರಿಯರು ಮನೆಯೆಂದೇ ಎಣಿಸುತ್ತಿರಲಿಲ್ಲ. ಪುತ್ತರಿಯ ದಿನ ಕದಿರು ತಂದು ತುಂಬಿದ ಕಣಜವು ಮರುವರ್ಷದ ಪುತ್ತರಿಯವರೆಗೆ ಬರಬೇಕಾಗಿತ್ತು. ಸುಗ್ಗಿಯಲ್ಲಿ ಕೊಂಡು ಮಳೆಗಾಲದಲ್ಲಿ ಮಾರುವ ವರ್ತಕನೂ ಪಾಪಿಯಲ್ಲ. ಎಲ್ಲರೂ ಮಾರುವ ಕಾಲದಲ್ಲಿ ಅವನು ಕೊಳ್ಳದಿದ್ದರೆ ಬೆಳೆಗಾರನಿಗೆ ಬೆಲೆಯಿಲ್ಲ. ಎಲ್ಲರೂ ಕೊಳ್ಳುವ ಕಾಲದವರೆಗೆ ಅವನು ಕಾದಿಡದಿದ್ದರೆ ಪೇಟೆಯಲ್ಲಿ ಧಾನ್ಯವಿಲ್ಲ. ಗೋದಾಮಿನ ಬಾಡಿಗೆ, ಸಾಲದ ಬಡ್ಡಿ, ಇಲಿ, ಹುಳು, ತೇವ ಇವೆಲ್ಲವುಗಳ ವೆಚ್ಚವನ್ನೂ ಅದರ ಮೇಲೊಂದು ನ್ಯಾಯವಾದ ಲಾಭವನ್ನೂ ಅವನು ಪಡೆಯತಕ್ಕದ್ದೇ.

ಹಾಗಾದರೆ ಪಾಪವು ಎಲ್ಲಿಂದ ಆರಂಭವಾಗುತ್ತದೆ? ಅಂಗಡಿಯ ಮುಂದೆ ನಿಂತವನು “ಅಕ್ಕಿ ಇದೆಯೆ?” ಎಂದು ಕೇಳಿದಾಗ, ಒಳಗೆ ಮೂಟೆಗಳಿದ್ದೂ “ಇಲ್ಲ” ಎಂದು ಹೇಳುವ ಗಳಿಗೆಯಿಂದ. ಕೂಡಿಟ್ಟವನು ಋತುವಿಗಾಗಿ ಕಾಯುತ್ತಾನೆ. ಬಚ್ಚಿಟ್ಟವನು ನೆರೆಯವನ ಕಷ್ಟಕ್ಕಾಗಿ ಕಾಯುತ್ತಾನೆ. ಹೊರಗಿನಿಂದ ನೋಡುವವರಿಗೆ ಎರಡು ಮೂಟೆಗಳೂ ಒಂದೇ ತೂಕದವು, ಒಂದೇ ಗೋಣಿಯವು. ಆದುದರಿಂದಲೇ ಈ ವಿಷಯವು ಕಾನೂನಿಗೂ ಕಷ್ಟವಾದುದು, ಮನಸ್ಸಾಕ್ಷಿಗೂ ಕಷ್ಟವಾದುದು.

ಈ ಪ್ರಶ್ನೆ ವಿರಾಜಪೇಟೆಗೆ ಹೊಸತಲ್ಲ. ದೊಡ್ಡವೀರರಾಜೇಂದ್ರನು ೧೭೯೨ರಲ್ಲಿ ಈ ಊರನ್ನು ಕಟ್ಟಿದುದೇ ದಾರಿಯ ಮೇಲೆ. ಪೆರುಂಬಾಡಿಯಿಂದ ಮಾಕುಟ್ಟಕ್ಕಿಳಿದು ಕಣ್ಣಾನೂರು, ತಲಚೇರಿಗಳನ್ನು ಮುಟ್ಟುವ ಆ ಘಾಟಿಯಲ್ಲಿ ಕೊಡಗಿನ ಅಕ್ಕಿ ಕೆಳಗಿಳಿಯುತ್ತಿತ್ತು, ಕರಾವಳಿಯ ಉಪ್ಪು ಮೇಲೇರುತ್ತಿತ್ತು. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಕೊಡಗು ತಾನುಂಡು ಮಿಕ್ಕ ಅಕ್ಕಿಯನ್ನು ಮಲಬಾರಿಗೆ ಕಳುಹಿಸುತ್ತಿದ್ದ ನಾಡು. ಇಂದು ಗದ್ದೆಗಳು ಎಷ್ಟೋ ಪಾಳುಬಿದ್ದಿವೆ, ಎಷ್ಟೋ ತೋಟಗಳಾಗಿವೆ. ನಮ್ಮ ಅಂಗಡಿಗಳಲ್ಲಿರುವ ಅಕ್ಕಿಯಲ್ಲಿ ಬಹುಭಾಗವು ಹೊರಗಿನಿಂದ ಲಾರಿಯಲ್ಲಿ ಬಂದುದು. ಕೊಡುವವನ ಜಾಗದಿಂದ ಬೇಡುವವನ ಜಾಗಕ್ಕೆ ನಾವು ಸದ್ದಿಲ್ಲದೆ ಸರಿದಿದ್ದೇವೆ. ಘಾಟಿಯೊಂದು ಕುಸಿದರೆ ಹಿಂದೆ ಮಲಬಾರಿನವರಿಗೆ ಆಗುತ್ತಿದ್ದ ಭಯವು ಈಗ ನಮಗೆ ಆಗುತ್ತದೆ.

ಎರಡನೆಯ ಮಹಾಯುದ್ಧದ ಕಾಲವನ್ನು ನೆನಪಿಗೆ ತಂದುಕೊಳ್ಳೋಣ. ೧೯೪೨ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಯಿತು. ವರ್ಷವರ್ಷವೂ ಹತ್ತು ಲಕ್ಷ ಟನ್ನಿಗೆ ಮಿಕ್ಕಿ ಬರುತ್ತಿದ್ದ ಬರ್ಮಾ ಅಕ್ಕಿ ಒಮ್ಮೆಗೇ ನಿಂತುಹೋಯಿತು. ಆ ಅಕ್ಕಿಯನ್ನೇ ನಂಬಿದ್ದ ಮಲೆಯಾಳ ಕರಾವಳಿಯಲ್ಲಿ ಹಾಹಾಕಾರವೆದ್ದಿತು. ಮರುವರ್ಷ ಬಂಗಾಳದಲ್ಲಿ ನಡೆದ ಘೋರವನ್ನು ಹೇಳಲು ಶಬ್ದಗಳು ಸಾಲವು. ಸರ್ ಜಾನ್ ವುಡ್‌ಹೆಡ್ಡರ ಅಧ್ಯಕ್ಷತೆಯ ಕ್ಷಾಮವಿಚಾರಣಾ ಆಯೋಗವು ೧೯೪೫ರಲ್ಲಿ ಒಪ್ಪಿಸಿದ ವರದಿಯಲ್ಲಿ ಸತ್ತವರ ಸಂಖ್ಯೆಯನ್ನು ೧೫ ಲಕ್ಷವೆಂದು ಅಂದಾಜು ಮಾಡಿತು. ಅನಂತರದ ವಿದ್ವಾಂಸರು ೩೦ ಲಕ್ಷದವರೆಗೂ ಹೋಗಿದ್ದಾರೆ. ಅಕ್ಕಿಯ ವ್ಯಾಪಾರದಲ್ಲಿ ಬಂದ ಅಧಿಕಲಾಭವು ೧೫೦ ಕೋಟಿ ರೂಪಾಯಿಯೆಂದು ಅದೇ ಆಯೋಗದ ಲೆಕ್ಕ. ಭಾಗಿಸಿ ನೋಡಿರಿ: ಒಂದೊಂದು ಹೆಣಕ್ಕೆ ೧೦೦೦ ರೂಪಾಯಿ. ಈ ಭಾಗಾಕಾರವನ್ನು ಮಾಡಿದವರು ನಾವಲ್ಲ, ಸರಕಾರವೇ ನೇಮಿಸಿದ ಆಯೋಗ.

ಇದರಲ್ಲಿ ದೊಡ್ಡ ಅಪರಾಧಿ ಆಗಿನ ಪರಕೀಯ ಸರಕಾರವೆಂಬುದನ್ನು ಮರೆಮಾಚಲಾಗದು. ಜಪಾನೀಯರ ಕೈಗೆ ಸಿಕ್ಕೀತೆಂದು ಬಂಗಾಳದ ದೋಣಿಗಳನ್ನು ಕಿತ್ತುಕೊಂಡವರು ಅವರು. ಯುದ್ಧದ ವೆಚ್ಚಕ್ಕಾಗಿ ನೋಟುಗಳನ್ನು ಅಚ್ಚುಹಾಕಿ ಹಣದ ಬೆಲೆಯನ್ನೇ ಕೆಡಿಸಿದವರು ಅವರು. ಆದರೂ ಅಮರ್ತ್ಯ ಸೇನರು ೧೯೮೧ರ ತಮ್ಮ ಗ್ರಂಥದಲ್ಲಿ ಲೆಕ್ಕಹಾಕಿ ತೋರಿಸಿರುವುದನ್ನು ನಾವು ನುಂಗಿಕೊಳ್ಳಲೇಬೇಕು: ೧೯೪೩ರಲ್ಲಿ ಬಂಗಾಳದಲ್ಲಿದ್ದ ಧಾನ್ಯವು ಕ್ಷಾಮವಿಲ್ಲದ ೧೯೪೧ರಲ್ಲಿದ್ದುದಕ್ಕಿಂತ ಕಡಮೆಯಾಗಿರಲಿಲ್ಲ. ಧಾನ್ಯವಿತ್ತು; ಕೂಲಿಯವನ ಕೈಯಲ್ಲಿ ಅದನ್ನು ಕೊಳ್ಳುವ ಶಕ್ತಿಯಿರಲಿಲ್ಲ. ನಾಳೆ ಇನ್ನೂ ತುಟ್ಟಿಯಾದೀತೆಂದು ಮಾರುವವನು ತಡೆದ. ನಾಳೆ ಸಿಕ್ಕಲಾರದೆಂದು ಕೊಳ್ಳಬಲ್ಲವನು ತುಂಬಿಕೊಂಡ. ಇಬ್ಬರ ಭಯವೂ ಸೇರಿ ಮೂರನೆಯವನ ತಟ್ಟೆಯನ್ನು ಬರಿದುಮಾಡಿತು. ಬಂಗಾಳದ ದೊಡ್ಡ ಗೋದಾಮುಗಳ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಉಳ್ಳವರ ಸಣ್ಣ ಸಣ್ಣ ಕೋಣೆಗಳ ಕಥೆಯನ್ನು ಯಾರೂ ಹೇಳುವುದಿಲ್ಲ.

ಆ ದಿನಗಳಲ್ಲಿ ಕನ್ನಡನಾಡಿನ ಸ್ಥಿತಿಯೇನು? ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದುಹಂಚಿಹೋಗಿದ್ದ ನಾಡಿನಲ್ಲಿ ಒಂದೊಂದು ಸರಕಾರವೂ ತನ್ನ ಗಡಿಯಲ್ಲಿ ಧಾನ್ಯಕ್ಕೆ ಅಡ್ಡಗಟ್ಟೆ ಹಾಕಿತ್ತು. ೧೯೪೨–೪೩ರಲ್ಲಿ ಬಿಜಾಪುರ ಜಿಲ್ಲೆ ಬರದಿಂದ ಬೆಂದಾಗ ಅಲ್ಲಿಯ ಕನ್ನಡಿಗನು ದೂರದ ಮುಂಬಯಿಯ ಕಡೆ ಮುಖಮಾಡಿ ಕೂರಬೇಕಾಯಿತು. ಭತ್ತ ಬೆಳೆಯುವ ಕೊಡಗಿನ ಕನ್ನಡಿಗನು ಇನ್ನೊಬ್ಬ ಕಮಿಷನರನ ಅಪ್ಪಣೆಯಲ್ಲಿದ್ದನು. ಏಕೀಕರಣವೆಂದರೆ ಭಾಷೆಯ ಅಭಿಮಾನ ಮಾತ್ರವೆಂದು ತಿಳಿದವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕಣಜಗಳಿಗೂ ಹಸಿವಿಗೂ ನಡುವಣ ಗೋಡೆಯನ್ನು ಕೆಡಹುವುದೂ ಅದರೊಳಗೆ ಸೇರಿತ್ತು. ೧೯೫೬ರ ನವೆಂಬರ್ ೧ರಂದು ಆ ಗೋಡೆಗಳಲ್ಲಿ ಹಲವು ಬಿದ್ದವು. ಆದರೆ ಗೋಡೆ ಕಟ್ಟುವ ಬುದ್ಧಿ ಅಷ್ಟು ಸುಲಭವಾಗಿ ಬೀಳುವುದಲ್ಲ. ೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ಭಯದಿಂದ ನಮ್ಮದೇ ರಾಜ್ಯದ ಆಡಳಿತವು ಇದೇ ಮಾಕುಟ್ಟದ ರಸ್ತೆಗೆ ಮಣ್ಣು ಸುರಿಸಿ ಕೇರಳದ ದಾರಿಯನ್ನು ಮುಚ್ಚಿತು. ರೋಗವನ್ನು ತಡೆಯಬೇಕಾಗಿತ್ತೆಂಬುದು ನಿಜ. ಆದರೆ ಇನ್ನೂರು ವರ್ಷಗಳ ಅನ್ನದ ದಾರಿಯ ಮೇಲೆ ಆ ಮಣ್ಣಿನ ರಾಶಿಯನ್ನು ನೋಡಿದಾಗ ನಮಗೆ ಆದ ಸಂಕಟವನ್ನು ಇಲ್ಲಿ ಮುಚ್ಚಿಡಲಾರೆವು.

ಇನ್ನು ಸ್ವರಾಜ್ಯ ಬಂದ ಮೇಲೆ ನಾವು ಕಂಡ ಒಂದು ಪರೀಕ್ಷೆಯ ಮಾತು. ಧಾನ್ಯದ ಮೇಲಿನ ಹತೋಟಿಯು ಕಾಳಸಂತೆಯನ್ನೂ ಲಂಚವನ್ನೂ ಬೆಳೆಸುತ್ತದೆ, ಜನರನ್ನು ಕೈಲಾಗದವರನ್ನಾಗಿ ಮಾಡುತ್ತದೆ, ಅದನ್ನು ತೆಗೆದುಹಾಕಿರೆಂದು ಮಹಾತ್ಮಾ ಗಾಂಧಿಯವರು ೧೯೪೭ರಲ್ಲಿ ಪಟ್ಟುಹಿಡಿದರು. ಅವರು ಸರಕಾರದ ಪೆನ್ನಿಗಿಂತ ವರ್ತಕನ ಮತ್ತು ರೈತನ ಮನಸ್ಸಾಕ್ಷಿಯನ್ನು ಹೆಚ್ಚಾಗಿ ನಂಬಿದರು. ಆ ವರ್ಷದ ಡಿಸೆಂಬರಿನಿಂದ ಹತೋಟಿ ಸಡಿಲವಾಯಿತು. ಜನವರಿ ೩೦ರಂದು ಗಾಂಧಿಯವರು ಹೋದರು. ೧೯೪೮ರ ನಡುವಿನ ಹೊತ್ತಿಗೆ ಸಗಟು ಬೆಲೆಗಳು ಕಾಲುಭಾಗಕ್ಕೂ ಮಿಕ್ಕಿ ಏರಿದ್ದವು. ಜುಲೈಯಲ್ಲಿ ಬಟ್ಟೆಗೆ, ಸೆಪ್ಟೆಂಬರಿನಲ್ಲಿ ಧಾನ್ಯಕ್ಕೆ ಹತೋಟಿಯು ಮರಳಿ ಬಂದಿತು. ಅರ್ಥಶಾಸ್ತ್ರಜ್ಞರು ಇದಕ್ಕೆ ಹಲವು ಕಾರಣಗಳನ್ನು ಕೊಡುವರು, ಅವು ಸರಿಯೂ ಇರಬಹುದು. ನಮಗೆ ಮಾತ್ರ ಅದನ್ನು ಓದಿದಾಗಲೆಲ್ಲ ತಂದೆಯು ಬೀಗದ ಕೈಯನ್ನು ಮಕ್ಕಳಿಗೆ ಕೊಟ್ಟು ಹೋದ ಆರೇ ತಿಂಗಳಿನಲ್ಲಿ ಉಗ್ರಾಣ ಬರಿದಾದಂತೆ ಅನಿಸುತ್ತದೆ.

ಈಗ ಎದುರುಪಕ್ಷದ ವಾದವನ್ನು ಕೇಳಬೇಕು. ಕೇಳದೆ ತೀರ್ಪುಕೊಡುವುದು ನಮ್ಮ ವೃತ್ತಿಗೆ ಹೇಳಿಸಿದ್ದಲ್ಲ. ಬೆಲೆ ಏರಲಿ ಬಿಡಿ, ಏರಿದ ಬೆಲೆಯೇ ದೂರದ ಸರಕನ್ನು ಕರೆತರುತ್ತದೆ, ಅನವಶ್ಯವಾಗಿ ಕೊಳ್ಳುವವನನ್ನು ತಡೆಯುತ್ತದೆ ಎಂದು ಕೆಲವು ಪಂಡಿತರು ವಾದಿಸುತ್ತಾರೆ. ಈ ವಾದವು ಹಳೆಯದು. ೧೮೭೬–೭೮ರ ಧಾತು ಸಂವತ್ಸರದ ಬರದಲ್ಲಿ ಮದರಾಸಿನ ಸರಕಾರವು ಗುಟ್ಟಾಗಿ ಧಾನ್ಯ ತರಿಸಿದುದಕ್ಕೆ, ಖಾಸಗಿ ವ್ಯಾಪಾರದಲ್ಲಿ ಕೈಹಾಕಿದಿರೆಂದು ಲಾರ್ಡ್ ಲಿಟ್ಟನ್ನನ ಸರಕಾರವು ಆಕ್ಷೇಪಿಸಿತು. ಬೆಲೆಗಳು ಏರಿದವು, ವಾದದ ಪ್ರಕಾರ ಧಾನ್ಯವು ಬರಬೇಕಾಗಿತ್ತು. ೧೮೭೧ರಲ್ಲಿ ೫೦ ಲಕ್ಷಕ್ಕೆ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ೪೨ ಲಕ್ಷದೊಳಕ್ಕೆ ಇಳಿದಿತ್ತು.

ಆದರೂ ಆ ವಾದದಲ್ಲಿ ಒಂದು ಕಾಳು ಸತ್ಯವಿದೆ, ಅದನ್ನು ಎತ್ತಿಕೊಳ್ಳೋಣ. ೨೦೧೮ರ ಜೂನಿನಲ್ಲಿ ಮಾಕುಟ್ಟದ ಘಾಟಿ ಕುಸಿಯಿತು; ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆಯ ರಸ್ತೆಯೂ ಹೋಯಿತು. ಆಗ ಸುತ್ತುದಾರಿ ಹಿಡಿದು, ಹೆಚ್ಚು ಡೀಸೆಲ್ಲು ಸುಟ್ಟು, ಗುಡ್ಡ ಜರಿಯುವ ರಸ್ತೆಯಲ್ಲಿ ಜೀವವನ್ನು ಕೈಯಲ್ಲಿ ಹಿಡಿದು ತರಕಾರಿ ತಂದ ಲಾರಿಯವನು ಹೆಚ್ಚು ಬೆಲೆ ಕೇಳಿದನು. ಕೇಳಲಿ, ಕೊಡೋಣ. ಆ ಹೆಚ್ಚಿನ ಬೆಲೆಯಿಲ್ಲದಿದ್ದರೆ ಅವನು ಬರುತ್ತಲೇ ಇರಲಿಲ್ಲ. ಆದರೆ ಘಾಟಿ ಕುಸಿಯುವ ಮುನ್ನವೇ ಮೇಲೆ ಬಂದು ಗೋದಾಮಿನಲ್ಲಿ ಮಲಗಿದ್ದ ಮೂಟೆಯು ಯಾವ ಸುತ್ತುದಾರಿಯನ್ನೂ ಹಿಡಿಯಲಿಲ್ಲ. ರಾತ್ರಿ ಕಳೆದು ಬೆಳಗಾಗುವುದರೊಳಗೆ ಅದರ ಬೆಲೆಯನ್ನು ಏರಿಸಿದುದು ಯಾರ ಶ್ರಮ? ಗುಡ್ಡ ಜರಿದುದು ವ್ಯಾಪಾರದ ಜಾಣತನವಲ್ಲ.

“ಸ್ವಾಮೀ, ಇದನ್ನು ಮಾರಿದ ಮೇಲೆ ನಾಳೆ ಕೊಳ್ಳುವ ಮೂಟೆಗೆ ನಾವು ಹೊಸ ಬೆಲೆಯನ್ನೇ ಕೊಡಬೇಕಲ್ಲ?” ಎಂದು ಒಬ್ಬ ವರ್ತಕ ಮಿತ್ರರು ನಮ್ಮನ್ನು ಕೇಳಿದ್ದುಂಟು. ಪ್ರಶ್ನೆಯು ಪ್ರಾಮಾಣಿಕವಾದುದು. ಉತ್ತರವೂ ಹಾಗೆಯೇ ಇರಬೇಕು: ಹೊಸ ಮೂಟೆ ಬಂದಾಗ ಹೊಸ ಬೆಲೆಗೆ ಮಾರಿರಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ದಾರಿ ತೆರೆದು ಬೆಲೆ ಇಳಿದಾಗ, ತುಟ್ಟಿಯಲ್ಲಿ ಕೊಂಡ ಮೂಟೆಗೆ ಹಳೆಯ ಬೆಲೆಯನ್ನು ಕೇಳುವಿರಷ್ಟೆ? ಏರುವಾಗ ನಾಳೆಯ ಲೆಕ್ಕ, ಇಳಿಯುವಾಗ ನಿನ್ನೆಯ ಲೆಕ್ಕ ಎಂದರೆ ಅದು ಎರಡು ತಕ್ಕಡಿ ಇಟ್ಟುಕೊಂಡಂತೆ.

ಪೆಟ್ಟು ಬೀಳುವುದು ಯಾರಿಗೆ ಎಂಬುದನ್ನು ಮರೆಯಬಾರದು. ಈ ಸಭೆಯಲ್ಲಿ ಕುಳಿತಿರುವ ಬಹುಮಂದಿಗೆ ಒಂದು ವಾರ ಪೇಟೆ ಮುಚ್ಚಿದರೆ ಊಟದಲ್ಲಿ ಒಂದು ಪಲ್ಯ ಕಡಮೆಯಾದೀತು. ಸಂಜೆ ಕೂಲಿ ಪಡೆದು ಸಂಜೆಯೇ ಅಕ್ಕಿ ಕೊಳ್ಳುವ ಯರವ, ಪಣಿಯ ಸೋದರರ ಲೈನುಮನೆಗಳಲ್ಲಿ ಪತ್ತಾಯವಿಲ್ಲ. ಕೂಡಿಡಲು ಹಣ ಬೇಕು, ಸೋರದ ಮಾಡು ಬೇಕು. ಅವರ ಕಣಜವು ಅಂಗಡಿಯವನ ತೆರೆದ ಬಾಗಿಲೇ ಆಗಿದೆ. ನ್ಯಾಯಬೆಲೆಯ ಅಂಗಡಿಯಿಂದಾಗಿ ೧೯೪೩ರಂತೆ ಇಂದು ಬೀದಿಯಲ್ಲಿ ಹೆಣ ಬೀಳುವುದಿಲ್ಲವೆಂಬುದು ಸಮಾಧಾನದ ಸಂಗತಿ; ಆದರೆ ಮಗುವಿನ ಹಾಲು, ಔಷಧ, ಅಡಿಗೆಯ ಗ್ಯಾಸು, ಮೇಣದ ಬತ್ತಿ ಇವು ಪಡಿತರದಲ್ಲಿ ಬರುವುದಿಲ್ಲ.

ಕಾನೂನು ಇಲ್ಲವೆ ಎನ್ನುವಿರಿ. ಧಾರಾಳವಾಗಿದೆ. ವರ್ತಕರು ಒಳಸಂಚುಮಾಡಿ ಸರಕನ್ನು ತಡೆಹಿಡಿದರೆ ಸಾವಿರ ಪಣ ದಂಡವೆಂದು ಕೌಟಿಲ್ಯನೇ ವಿಧಿಸಿದ್ದಾನೆ. ದೇಶದ ಸರಕಿಗೆ ನೂರಕ್ಕೆ ಐದು, ಹೊರದೇಶದ ಸರಕಿಗೆ ನೂರಕ್ಕೆ ಹತ್ತು ಲಾಭವೆಂದು ಮಿತಿಯನ್ನೂ ಹಾಕಿದ್ದಾನೆ. ನಮ್ಮ ಕಾಲದಲ್ಲಿ ೧೯೫೫ರ ಅವಶ್ಯಕ ವಸ್ತುಗಳ ಕಾಯಿದೆಯಿದೆ. ಅದರ ಕೆಳಗೆ ದಾಸ್ತಾನಿಗೆ ಮಿತಿ ಹಾಕಬಹುದು, ಜಿಲ್ಲಾಧಿಕಾರಿಗಳು ಸರಕನ್ನು ಮುಟ್ಟುಗೋಲು ಮಾಡಬಹುದು, ಏಳು ವರ್ಷದವರೆಗೆ ಸೆರೆಯುಂಟು. ೧೯೮೦ರ ಕಾಳಸಂತೆ ತಡೆ ಕಾಯಿದೆಯಲ್ಲಿ ವಿಚಾರಣೆಯಿಲ್ಲದೆ ಆರು ತಿಂಗಳು ಇರಿಸಬಹುದು. ಧಾನ್ಯದ ಬೆಲೆ ನೂರಕ್ಕೆ ಐವತ್ತು ಏರುವವರೆಗೆ ದಾಸ್ತಾನಿಗೆ ಮಿತಿ ಹಾಕಕೂಡದೆಂದು ೨೦೨೦ರಲ್ಲೊಂದು ತಿದ್ದುಪಡಿ ಬಂದಿತು. ೨೦೨೧ರಲ್ಲಿ ರೈತರ ಚಳವಳಿಯ ಮುಂದೆ ಅದೂ ರದ್ದಾಯಿತು. ೨೦೨೦ರ ಮಾರ್ಚಿಯಲ್ಲಿ ಮುಖಗವಸಿಗೂ ಕೈತೊಳೆಯುವ ದ್ರವಕ್ಕೂ ಬೆಲೆ ಕಟ್ಟಿದರು: ಮೂರು ಪದರದ ಗವಸಿಗೆ ೧೦ ರೂಪಾಯಿ, ೨೦೦ ಮಿಲಿಲೀಟರಿಗೆ ೧೦೦ ರೂಪಾಯಿ. ಆ ಬೆಲೆಗೆ ಎಷ್ಟು ಅಂಗಡಿಗಳಲ್ಲಿ ಸರಕು ದೊರೆಯಿತೆಂಬುದನ್ನು ನೀವೇ ಬಲ್ಲಿರಿ.

ದಾಸ್ತಾನಿನ ಮೊಕದ್ದಮೆಗಳಲ್ಲಿ ಆರೋಪಿಯ ಪರವಾಗಿ ನಿಂತ ಅನುಭವ ನಮಗೂ ಉಂಟು. ನೋಡಿದುದನ್ನು ಹೇಳುತ್ತೇವೆ. ಪುಸ್ತಕದಲ್ಲಿ ಹದಿನೆಂಟು, ಮೂಲೆಯಲ್ಲಿ ಇಪ್ಪತ್ತೊಂದು ಮೂಟೆ ಇಟ್ಟುಕೊಂಡ ಸಣ್ಣ ಅಂಗಡಿಕಾರನು ಸಿಕ್ಕಿಬೀಳುತ್ತಾನೆ. ಹತ್ತು ಹೆಸರುಗಳಲ್ಲಿ ಹತ್ತು ಕಡೆ ಇಟ್ಟವನು ಒಂದೊಂದು ಕಡೆಯೂ ಮಿತಿಯೊಳಗೇ ಇರುತ್ತಾನೆ. ಕಾನೂನು ಮೂಟೆಗಳನ್ನು ಎಣಿಸಬಲ್ಲದು, “ಇಲ್ಲ” ಎಂಬ ಸುಳ್ಳನ್ನು ಎಣಿಸಲಾರದು. ಅದನ್ನು ಎಣಿಸಬಲ್ಲವರು ನೆರೆಹೊರೆಯವರು ಮಾತ್ರ.

ಬೆಳೆಗಾರ ಬಂಧುಗಳು ಮುಗುಳ್ನಗುತ್ತಿರುವುದನ್ನು ಕಾಣುತ್ತಿದ್ದೇವೆ. ಬೆಲೆ ಬರಲೆಂದು ಕಾಫಿಯನ್ನೂ ಮೆಣಸನ್ನೂ ಗೋದಾಮಿನಲ್ಲಿ ಇಟ್ಟುಕೊಂಡವರನ್ನು ನಾವು ಬಯ್ಯುವುದಿಲ್ಲ. ಕಾಫಿಯಿಲ್ಲದೆ ಯಾರ ಮಗುವೂ ಹಸಿದು ಮಲಗುವುದಿಲ್ಲ, ಬೆಲೆ ಕುಸಿದಾಗ ನಷ್ಟವನ್ನು ಹಂಚಿಕೊಳ್ಳಲು ಯಾರೂ ಬಂದುದೂ ಇಲ್ಲ. ಆದರೆ ತೋಟದ ಆಳುಗಳಿಗೆಂದು ತರಿಸಿದ ಅಕ್ಕಿಯನ್ನು ಪೇಟೆಯಲ್ಲಿ ತುಟ್ಟಿಯಾಯಿತೆಂದು ಆಳುಗಳ ಲೆಕ್ಕಕ್ಕೇ ತುಟ್ಟಿಯಾಗಿ ಬರೆಯುವ ಪದ್ಧತಿ ಎಲ್ಲಾದರೂ ಇದ್ದರೆ, ಅದಕ್ಕೆ ಬೇರೆ ಹೆಸರಿಲ್ಲ.

ಈಗ ನಮ್ಮ ಮನೆಯ ಮಾತು. ೨೦೨೦ರ ಮಾರ್ಚಿ ೨೪ರ ರಾತ್ರಿ ದೇಶಕ್ಕೆ ಬೀಗ ಬೀಳುವುದೆಂಬ ಸುದ್ದಿ ಬಂದ ಅರ್ಧ ಗಂಟೆಯೊಳಗೆ ನಾವು ಗಡಿಯಾರ ಕಂಬದ ಬಳಿಯ ಪರಿಚಯದ ಅಂಗಡಿಯ ಮುಂದಿದ್ದೆವು. ಮನೆಯಲ್ಲಿ ತಿಂಗಳಿಗಾಗುವಷ್ಟು ಅಕ್ಕಿಯಿತ್ತು. ಆದರೂ ಎರಡು ಮೂಟೆ ಕೇಳಿದೆವು. ಅಂಗಡಿಯವರು ಒಂದು ಮಾತನ್ನೂ ಆಡದೆ, ನಮ್ಮ ಮೇಲಿನ ಗೌರವದಿಂದ ಎರಡನ್ನೂ ಕೊಟ್ಟರು. ನಮ್ಮ ಹಿಂದೆ ನಿಂತಿದ್ದ ಮುದುಕಿಯೊಬ್ಬಳು ಎರಡು ಕಿಲೋ ಕೇಳಿದಳು. “ಒಂದೇ ಕೊಡಬಲ್ಲೆ ಅವ್ವಾ, ಉಳಿದವರಿಗೂ ಬೇಕಲ್ಲ” ಎಂದರು ಅವರು. ಆ ಮಾತು ನ್ಯಾಯವಾದುದು; ಅದನ್ನು ಹೇಳಬೇಕಾಗಿದ್ದುದು ನಮಗೆ. ಮೂಟೆಗಳನ್ನು ಕಾರಿನಲ್ಲಿ ಹಾಕಿಕೊಂಡು ಬಂದೆವು. ಮುಂಗಾರು ಹಿಡಿಯುವ ಹೊತ್ತಿಗೆ ಒಂದು ಮೂಟೆಗೆ ಹುಳು ಬಿದ್ದಿತ್ತು. ಯಾವ ಕಾಯಿದೆಯ ಯಾವ ಕಲಮಿನಲ್ಲಿಯೂ ನಾವು ಅಪರಾಧಿಗಳಲ್ಲ. ಇದನ್ನು ಚೆನ್ನಾಗಿ ಪರಿಶೀಲಿಸಿಯೇ ಹೇಳುತ್ತಿದ್ದೇವೆ.

ಆದುದರಿಂದ ಈ ಸಭೆಯ ಮುಂದೆ ಒಂದು ಸಣ್ಣ ಸೂಚನೆಯನ್ನಿಡುತ್ತೇವೆ. ಮಳೆಗಾಲ ಮುಗಿಯುವವರೆಗೆ ಪೇಟೆಯಲ್ಲಿ ಎಲ್ಲರೂ ನೋಡುವ ಒಂದು ಜಾಗದಲ್ಲಿ ಹಲಗೆಯೊಂದನ್ನು ನಿಲ್ಲಿಸೋಣ. ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ, ಮೇಣದ ಬತ್ತಿ ಇಷ್ಟರ ಮಟ್ಟಿಗೆ ಯಾವ ಅಂಗಡಿಯಲ್ಲಿ ಎಷ್ಟಿದೆ, ಇಂದಿನ ಬೆಲೆಯೇನು ಎಂಬುದನ್ನು ವಾರಕ್ಕೊಮ್ಮೆ ಬರೆಯತಕ್ಕದ್ದು. ದಾರಿ ಮುಚ್ಚಿದರೆ, ಮುಚ್ಚಿದ ಹಿಂದಿನ ದಿನದ ಬೆಲೆಯೇ ಆಗ ಇದ್ದ ಸರಕಿನ ಬೆಲೆ. ಹೊಸ ಲಾರಿ ಬಂದ ಮೇಲೆ ಅದರ ಬೆಲೆಯನ್ನು ಬೇರೆಯಾಗಿ ಬರೆಯಲಿ. ಕೊಂಡ ಬೆಲೆ ವ್ಯಾಪಾರದ ಗುಟ್ಟೆನ್ನುವವರು ಅದನ್ನು ಬರೆಯಬೇಕಾದುದಿಲ್ಲ. ಬರೆಯಲು ಇಷ್ಟವಿಲ್ಲದವರಿಗೆ ಬಲವಂತವೂ ಇಲ್ಲ. ಅವರ ಹೆಸರಿನ ಮುಂದೆ ಜಾಗ ಖಾಲಿಯಿರುತ್ತದೆ, ಅಷ್ಟೆ. ಇದರಿಂದ ಕಳ್ಳರಿಗೆ ದಾರಿ ತೋರಿಸಿದಂತಾಗುವುದೆಂದು ಯಾರೋ ಹಿಂದಿನಿಂದ ಹೇಳಿದರು. ಆ ಭಯವಿರುವವರು ಮೂಟೆಗಳ ಸಂಖ್ಯೆಯನ್ನು ಬಿಟ್ಟು ‘ಇದೆ’ ಎಂದಷ್ಟೇ ಬರೆಯಲಿ. ‘ಇಲ್ಲ’ ಎಂದು ಬರೆದ ಮೇಲೆ ಸರಕು ಹೊರಬಂದರೆ ಊರು ನೋಡಿಕೊಳ್ಳುತ್ತದೆ.

ಕೊಳ್ಳುವವರಿಗೂ ಒಂದು ಪುಸ್ತಕವಿದೆ. ಬಾಗಿಲ ಬಳಿಯ ಮೇಜಿನ ಮೇಲಿಟ್ಟಿದ್ದೇವೆ. ಒಂದು ತಿಂಗಳ ಖರ್ಚಿಗಿಂತ ಹೆಚ್ಚು ತುಂಬಿಕೊಳ್ಳುವುದಿಲ್ಲವೆಂದು ಒಪ್ಪುವ ಮನೆಗಳು ಅದರಲ್ಲಿ ತಮ್ಮ ಹೆಸರನ್ನೂ, ಈಗ ಮನೆಯಲ್ಲಿರುವ ಅಕ್ಕಿಯ ಅಳತೆಯನ್ನೂ ಬರೆಯಬಹುದು. ಮೊದಲನೆಯ ಸಾಲಿನಲ್ಲಿ ನಮ್ಮ ಮನೆಯ ಲೆಕ್ಕವಿದೆ. ಎರಡು ಮೂಟೆಗಳ ಆ ಹಳೆಯ ಲೆಕ್ಕವನ್ನೂ ಅದರ ಪಕ್ಕದಲ್ಲಿ ಬರೆದಿದ್ದೇವೆ.